ಎಡಕ್ಕೆ ಐದು ಇಂಚು

ಗಾಜಿನ ಒಂದು ಮಗ್ಗುಲನ್ನು ಒರೆಸಿ ಮುಗಿಸಿ, ಇನ್ನೊಂದು ಮಗ್ಗುಲಿಗೆ ಬಾಯಿಂದ ಹಬೆ ಊದುವಷ್ಟರಲ್ಲಿ ಸಣ್ಣಿಗೆ ಮೂಲೆಯಲ್ಲೊಂದು ಬೆರಳಚ್ಚು ಕಂಡಿತು. ಅದು ತನ್ನದೇ. ಹಳೆಯ ಬನಿಯನ್ ಬಟ್ಟೆಯಿಂದ ಮತ್ತೆ ಉಜ್ಜಿದಳು. ಗಾಜನ್ನು ಎತ್ತಿ ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ಫೋಟೊಗಳಿಗೆ ಫ್ರೇಮ್ ಹಾಕುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳಿಗೆ ಗೊತ್ತು, ಹಿಂದಿನ ರಟ್ಟಿಗೆ ಮೊಳೆ ಹೊಡೆದು, ಟೇಪು ಅಂಟಿಸಿ, ಗೋಡೆಗೆ ನೇತುಹಾಕಿದ ಮೇಲೆಯೇ ಒಳಗೆ ಸಿಕ್ಕಿಕೊಂಡ ಕೂದಲು ಕಣ್ಣಿಗೆ ಬೀಳುವುದು. ಆಮೇಲೆ ಎಲ್ಲವನ್ನೂ ಬಿಚ್ಚಬೇಕು.

ಅಂಗಡಿಯ ಹಿಂಬದಿಯಲ್ಲಿ ಗಂಡ ಮರದ ಪಟ್ಟಿ ಕೊಯ್ಯುತ್ತಿದ್ದ. ಪಟ್ಟಿ ಕೊಯ್ದು ಮೂಲೆ ಕೂಡಿಸುವುದು ಅವನ ಕೆಲಸ; ಗಾಜು, ರಟ್ಟು, ಚಿತ್ರ ಕೂರಿಸುವುದು ಅವಳದು. ಗಿರಾಕಿಗಳ ಜೊತೆ ಮಾತಾಡುವುದೂ ಅವಳದೇ. ಒಂದೇ ಚಿತ್ರದ ಮೂಲೆಗೆ ಮೊದಲು ಚಿನ್ನದ ಬಣ್ಣದ ತುಂಡು ಇಟ್ಟು ತೋರಿಸುತ್ತಿದ್ದಳು, ಆಮೇಲೆ ತೆಳುವಾದ ಕಪ್ಪು ತುಂಡು. ಚಿನ್ನದ್ದು ಇಟ್ಟಾಗ "ನಮ್ಮಪ್ಪ ಸಾಹುಕಾರರ ಥರ ಕಾಣ್ತಾರೆ" ಎನ್ನುವವರು, ಕಪ್ಪನ್ನು ಇಟ್ಟೊಡನೆ "ಅಯ್ಯೋ ಬೇಡ, ಇನ್ನೂ ಬದುಕಿದ್ದಾರೆ" ಎಂದು ಕೈ ಸರಿಸುತ್ತಿದ್ದರು. ಅಪ್ಪ ಅದೇ ಅಪ್ಪ. ಸಣ್ಣಿಗೆ ಅದು ದಿನದ ತಮಾಷೆ. ಮನೆಗೆ ಹೋಗಿ ಅಕ್ಕನಿಗೆ ಹೇಳಿ ಇಬ್ಬರೂ ನಗುತ್ತಿದ್ದರು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ಗಂಡನ ಅಣ್ಣನ ಹೆಂಡತಿ. ಸಣ್ಣಿ ಎಂಬ ಹೆಸರಿಟ್ಟವಳೂ ಅವಳೇ. ಮದುವೆಯಾಗಿ ಬಂದಾಗ ಕಡ್ಡಿಯಂತಿದ್ದಳೆಂದು ಇಟ್ಟ ಹೆಸರು. ಈಗ ಪಟ್ಟಿಗಳ ರಾಶಿಯ ನಡುವೆ ಅಡ್ಡಡ್ಡ ತಿರುಗಿ ದಾಟುವಂತಾಗಿದ್ದರೂ ಅದು ಬದಲಾಗಿಲ್ಲ. ಭಾವ ತೀರಿಕೊಂಡು ಹದಿನೈದು ವರ್ಷವಾಯಿತು. ಅಕ್ಕನಿಗೆ ಮಕ್ಕಳಿಲ್ಲ. ಸಣ್ಣಿಯ ಎರಡೂ ಹೆಣ್ಣುಮಕ್ಕಳು ದೊಡ್ಡಮ್ಮನ ಸೊಂಟದ ಮೇಲೆಯೇ ಬೆಳೆದವರು. ಜ್ವರ ಬಂದಾಗ ಈಗಲೂ ಅವರು ಮೊದಲು ಕರೆಯುವುದು ತಾಯಿಯನ್ನಲ್ಲ.

ಗೋಡೆಗೊರಗಿಸಿ ಒಂಬತ್ತು ಫ್ರೇಮುಗಳು ನಿಂತಿದ್ದವು. ಭಾನುವಾರ ಗ್ರಂಥಾಲಯದ ಮೇಲಿನ ಹಾಲಿನಲ್ಲಿ ಪ್ರದರ್ಶನ. ಸಣ್ಣಿ ಸೇರಿಕೊಂಡಿದ್ದ ಫೋಟೊ ಗುಂಪಿನವರು ವರ್ಷದ ಹತ್ತು ಒಳ್ಳೆಯ ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಇವರ ಅಂಗಡಿಗೇ ಕಳಿಸಿದ್ದರು. ಹತ್ತನೆಯದು ಮೇಜಿನ ಮೇಲಿತ್ತು, ಮುಖ ಕೆಳಗೆ ಮಾಡಿ. ಬೆಳಗಿನಿಂದ ಅವಳು ಅದನ್ನು ಮುಟ್ಟಿರಲಿಲ್ಲ. ಗಾಜು ಮಾತ್ರ ಮೂರು ಸಲ ಒರೆಸಿದ್ದಳು.

ದೊಡ್ಡ ಮಗಳು ತನ್ನ ಹಳೆಯ ಫೋನು ಕೊಟ್ಟ ವರ್ಷದಿಂದ ಸಣ್ಣಿ ಫೋಟೊ ತೆಗೆಯುತ್ತಿದ್ದಳು. ಬೇರೆಯವರ ಚಿತ್ರಗಳಿಗೆ ಅಂಚು ಕಟ್ಟಿ ಕಟ್ಟಿ ಅವಳ ಕಣ್ಣು ಪಳಗಿತ್ತು. ಫೋನಿನಲ್ಲೇ ನಡೆಯುವ ಆ ಫೋಟೊ ಗುಂಪಿಗೆ ಸೇರಿಸಿದ್ದೂ ಮಗಳೇ. ನಿವೃತ್ತ ಚಿತ್ರಕಲಾ ಮೇಷ್ಟ್ರೊಬ್ಬರು ಅದನ್ನು ನಡೆಸುತ್ತಿದ್ದರು. ಅಲ್ಲಿನ ನಿಯಮವೊಂದೇ, ಪ್ರತಿ ಚಿತ್ರಕ್ಕೂ ಯಾವುದಾದರೊಂದು ವಿಭಾಗದ ಹೆಸರು ಕೊಡಬೇಕು. ಪ್ರಕೃತಿ, ದುಡಿಮೆ, ಕಟ್ಟಡ, ಮನೆ-ಮಂದಿ, ಬೀದಿ ಬದುಕು. ಚಿತ್ರ ತೆರೆದುಕೊಳ್ಳುವ ಮೊದಲೇ ಆ ಹೆಸರು ದಪ್ಪ ಅಕ್ಷರದಲ್ಲಿ ಮೇಲೆ ಬರುತ್ತಿತ್ತು. ಸಣ್ಣಿಯ ಚಿತ್ರಗಳಿಗೆ ಹತ್ತು ಮೆಚ್ಚುಗೆ ದಾಟಿದರೆ ಹೆಚ್ಚು. ಒಣಗಲು ಹಾಕಿದ ಬಟ್ಟೆ, ಗಂಡನ ಕೈ, ಮರದ ಪುಡಿಯಲ್ಲಿ ಮೂಡಿದ ಹೆಜ್ಜೆ. ಯಾರೂ ನಿಂತು ನೋಡುತ್ತಿರಲಿಲ್ಲ. ಬೇಸರವಿಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ಆದರೆ ಕೆಲಸದ ನಡುವೆ ನಾಲ್ಕು ಸಲವಾದರೂ ಫೋನು ತೆಗೆದು ನೋಡುತ್ತಿದ್ದಳು.

ಒಂದು ಸಂಜೆ ಅಕ್ಕ ಕೆಲಸದಿಂದ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತು, ಊದಿದ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದಳು. ಎರಡು ಬೀದಿ ಆಚೆಯ ಮನೆಯೊಂದರಲ್ಲಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯೊಬ್ಬರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೆಲಸ ಅವಳದು. ಆ ದಿನ ಅಜ್ಜಿ ವಾಕರ್ ಹಿಡಿದು ಮೊದಲ ಸಲ ಎದ್ದು ನಿಂತಿದ್ದರಂತೆ. ನಿಂತವರೇ ಅಕ್ಕನ ಕಡೆ ತಿರುಗಿ, ಇನ್ನು ನಿನ್ನ ಕೆಲಸ ಹೋಯ್ತು ನೋಡು ಎಂದರಂತೆ. ಅದನ್ನು ಹೇಳುತ್ತಾ ಹೇಳುತ್ತಾ ಅಕ್ಕನಿಗೆ ಉಸಿರು ಸಿಗದಷ್ಟು ನಗು ಬಂತು. ತಲೆ ಹಿಂದಕ್ಕೆ ವಾಲಿ, ಕಣ್ಣು ಮುಚ್ಚಿ, ಬಾಯಿ ತೆರೆದು, ಒಂದು ಕೈ ಬಿಚ್ಚಿದ ಕೂದಲೊಳಗೆ. ನಗು ತುದಿ ಮುಟ್ಟಿ ಇನ್ನೂ ಇಳಿಯದ ಆ ಗಳಿಗೆಯಲ್ಲಿ ಸಣ್ಣಿ ಫೋಟೊ ತೆಗೆದಳು. ಎಡಗಡೆ ಅರ್ಧ ತೆರೆದ ಬಾಗಿಲು, ಹೂವಿನ ಪರದೆ, ಅದರ ಕೆಳಗೆ ಐದು ಜೊತೆ ಚಪ್ಪಲಿಗಳೂ ಬಂದಿದ್ದವು. ಮನೆಯಲ್ಲಿರುವ ಐವರದೂ.

ಅದನ್ನು 'ಮನೆ-ಮಂದಿ'ಗೆ ಹಾಕಿದಳು. ಹನ್ನೊಂದು ಮೆಚ್ಚುಗೆ ಬಂತು. 'ಬೆಳಕಿನ ಬೇಟೆಗಾರ' ಎಂದು ಹೆಸರಿಟ್ಟುಕೊಂಡವನೊಬ್ಬ, ಬೆಳಕು ಸರಿಯಿಲ್ಲ, ಆಂಟಿ ತಲೆಯಾದರೂ ಬಾಚಿಕೊಳ್ಳಬಹುದಿತ್ತು ಎಂದು ಬರೆದ. ನೀರಿಗೆ ಉಪ್ಪು ಹಾಕಿದರೆ ಕಾಲುನೋವಿಗೆ ಒಳ್ಳೆಯದು ಎಂದು ಒಬ್ಬರು. ಮನೆಯವರ ಫೋಟೊ ಮನೆಯಲ್ಲೇ ಇರಲಿ ಎಂದು ಇನ್ನೊಬ್ಬರು.

ಮಾರನೆಯ ದಿನ ಮೇಷ್ಟ್ರು ಫೋನು ಮಾಡಿದರು. ಚಿತ್ರ ಚೆನ್ನಾಗಿದೆ, ತಪ್ಪು ಕಡೆ ಸೇರಿಸಿದ್ದೀರಿ ಎಂದರು. ಎಡಗಡೆಯ ಬಾಗಿಲು, ಚಪ್ಪಲಿ ಎಲ್ಲ ಕಣ್ಣನ್ನು ಎಳೆಯುತ್ತವೆ, ಅಷ್ಟನ್ನು ಕತ್ತರಿಸಿ 'ಬೀದಿ ಬದುಕು' ವಿಭಾಗಕ್ಕೆ ಹಾಕಿ ನೋಡಿ ಎಂದರು. ಅದು ನಮ್ಮ ಮನೆಯ ಹಿತ್ತಲು ಎಂದು ಸಣ್ಣಿ ಹೇಳದೆ ಇರಲಿಲ್ಲ. ಹಿತ್ತಲು ಅಂತ ಚಿತ್ರದಲ್ಲಿ ಬರೆದಿಲ್ಲವಲ್ಲಮ್ಮ ಎಂದು ಅವರು ನಕ್ಕರು.

ಅವಳು ಹಳೆಯದನ್ನು ತೆಗೆದುಹಾಕಿದಳು. ಬೆರಳಿನಿಂದ ಅಂಚನ್ನು ಎಳೆದಳು. ಬಾಗಿಲು ಹೋಯಿತು, ಪರದೆ ಹೋಯಿತು, ಚಪ್ಪಲಿಗಳು ಒಂದೊಂದೇ ಜೊತೆ ಹೋದವು. ಉಳಿದದ್ದು ಕಲ್ಲಿನ ಮೆಟ್ಟಿಲು, ಬಕೆಟ್ಟು, ಬಾಯಿ ತೆರೆದ ಒಬ್ಬ ಹೆಂಗಸು.

ಅದನ್ನು 'ಬೀದಿ ಬದುಕು' ವಿಭಾಗಕ್ಕೆ ಹಾಕಿದಳು. ಬೆಳಗಾಗುವಷ್ಟರಲ್ಲಿ ನಾಲ್ಕು ನೂರು ಮೆಚ್ಚುಗೆ, ಮೂರು ದಿನಕ್ಕೆ ಎರಡು ಸಾವಿರ. ಯಾರೋ ಬಿಸಾಡಿದ ಬಕೆಟ್ಟಿನಲ್ಲಿ ಇಡೀ ಬದುಕು ಎಂದು ಒಬ್ಬರು ಬರೆದರು. ಹೆತ್ತ ಮಕ್ಕಳು ಎಲ್ಲಿ ಹಾಳಾಗಿ ಹೋದರೋ ಎಂದು ಇನ್ನೊಬ್ಬರು. ಕುಡಿತ ಇರಬೇಕು, ಮುಖ ನೋಡಿದರೆ ತಿಳಿಯುತ್ತದೆ ಎಂದು ಮತ್ತೊಬ್ಬರು. ಬೆಳಕಿನ ಬೇಟೆಗಾರ ಮತ್ತೆ ಬಂದ. ಈ ಮಸುಕು ಬೆಳಕೇ ಬಡವರ ಬೆಳಕು, ಕೆದರಿದ ಒಂದೊಂದು ಕೂದಲೂ ಒಂದೊಂದು ಕಥೆ ಎಂದು ಬರೆದ. ಕೆಲವೇ ದಿನಗಳ ಹಿಂದೆ ಇದೇ ತಲೆಯನ್ನು ಬಾಚಿಕೊಳ್ಳಲು ಹೇಳಿದ್ದು ಅವನಿಗೆ ನೆನಪಿರಲಿಲ್ಲ. ಸಣ್ಣಿಗೆ ಮೊದಲು ನಗು ಬಂತು. ಮನೆಗೆ ಹೋಗಿ ಅಕ್ಕನಿಗೆ ಹೇಳಬೇಕು ಅನ್ನಿಸಿ, ಹೇಳುವ ಹಾಗಿಲ್ಲವೆಂದು ಹೊಳೆದು ನಗು ನಿಂತಿತು.

ಅವಳು ಒಂದು ಸುಳ್ಳನ್ನೂ ಬರೆಯಲಿಲ್ಲ. ಹೊಗಳಿದವರಿಗೆಲ್ಲ ಕೈ ಮುಗಿಯುವ ಗುರುತೊಂದನ್ನು ಕಳಿಸಿದಳು, ಅಷ್ಟೇ. ಚಿತ್ರಕ್ಕೊಂದು ಹೆಸರು ಬೇಕೆಂದು ಮೇಷ್ಟ್ರು ಕೇಳಿ, 'ಯಾರೂ ಇಲ್ಲದವಳು' ಎಂದರೆ ಹೇಗೆ ಎಂದಾಗ, ಆಗಲಿ ಎಂದಳು. ಅಂಗಡಿಗೆ ಬರುವಾಗ ದಾರಿಯಲ್ಲಿ ತನ್ನಷ್ಟಕ್ಕೆ ನಗುತ್ತಿದ್ದಳು. ಇಪ್ಪತ್ತೆರಡು ವರ್ಷ ಬೇರೆಯವರ ಚಿತ್ರದ ಹಿಂದೆ ಮೊಳೆ ಹೊಡೆದವಳ ಹೆಸರನ್ನು ಜನ ಓದುತ್ತಿದ್ದಾರೆ. ಆ ಸುಖ ನಿಜವಾಗಿತ್ತು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅದಕ್ಕಿಂತ ನಾಚಿಕೆಯ ಸಂಗತಿಯೊಂದಿತ್ತು. ಮೂರನೆಯ ದಿನಕ್ಕೆ ಅವಳಿಗೂ ಆ ಮುಖದಲ್ಲಿ ಅಳುವೇ ಕಾಣತೊಡಗಿತ್ತು. ತಾನೇ ಕೇಳಿ, ತಾನೂ ಜೊತೆಗೂಡಿ ನಕ್ಕ ನಗು. ಎಷ್ಟು ನೋಡಿದರೂ ಅದು ಮತ್ತೆ ಕಣ್ಣಿಗೆ ಸಿಗಲಿಲ್ಲ.

ಹತ್ತು ಚಿತ್ರಗಳ ಆಯ್ಕೆಗೆ ಮತ ಹಾಕುವುದು ಮುಗಿಯಲು ಒಂದೇ ದಿನ ಉಳಿದಿತ್ತು. ಆ ಮಧ್ಯಾಹ್ನ ಒಂದು ಮಾತು ಬಂದು ಬಿತ್ತು. ಈ ಹೆಂಗಸನ್ನು ನೋಡಿದ್ದೇನೆ, ನಮ್ಮ ಎದುರು ಮನೆಗೆ ವಯಸ್ಸಾದವರನ್ನು ನೋಡಿಕೊಳ್ಳಲು ಬರುತ್ತಾಳೆ, ಬೀದಿಯಲ್ಲಿರುವವಳೆಂದು ಯಾರಿಗೂ ಗೊತ್ತಿಲ್ಲ, ಮನೆಯವರಿಗೆ ತಿಳಿಸಬೇಕು. ಅದರ ಕೆಳಗೇ ಇನ್ನೊಬ್ಬರ ಎಚ್ಚರಿಕೆ ಇತ್ತು, ಇಂಥವರನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಮುಂಚೆ ಹುಷಾರು.

ಸಣ್ಣಿ ಕೂಡಲೇ ಬರೆಯತೊಡಗಿದಳು. ಇವರು ನನ್ನ ಓರಗಿತ್ತಿ, ನಾವೆಲ್ಲ ಒಂದೇ ಮನೆಯಲ್ಲಿ. ಅಷ್ಟು ಬರೆದು ಬೆರಳು ನಿಂತಿತು. ಇದನ್ನು ಹಾಕಿದರೆ ಎರಡು ಸಾವಿರ ಜನ ಓದುತ್ತಾರೆ. ಮತ ಹಾಕಿದವರು ಏನೆಂದುಕೊಂಡಾರು? ನಾಳೆ ಸಂಜೆ ಮುಗಿದ ಮೇಲೆ ಹಾಕಿದರಾಯಿತು, ಒಂದು ದಿನದಲ್ಲಿ ಏನು ಮುಳುಗಿಹೋಗುತ್ತದೆ ಎಂದುಕೊಂಡಳು. ಬರೆದದ್ದನ್ನು ಅಳಿಸಿದಳು. ಗಿರಾಕಿಯೊಬ್ಬರು ಬಂದರು, ಅವರಿಗೆ ಚಿನ್ನದ ತುಂಡು, ಕಪ್ಪು ತುಂಡು ತೋರಿಸಿದಳು.

ಮರುದಿನ ಸಂಜೆ ಅವಳ ಚಿತ್ರ ಮೊದಲನೆಯದೆಂದು ತೀರ್ಮಾನವಾಯಿತು. ಅದೇ ಸಂಜೆ ಅಕ್ಕ ಎಂದಿನ ಹೊತ್ತಿಗಿಂತ ಎರಡು ಗಂಟೆ ಮುಂಚೆ ಮನೆಗೆ ಬಂದಿದ್ದಳು.

ಊಟಕ್ಕೆ ಕೂತಾಗ ಅಕ್ಕ ತಾನಾಗಿ ಹೇಳಿದಳು. ಮಧ್ಯಾಹ್ನ ಮಾತ್ರೆ ತರಲು ಅಂಗಡಿಗೆ ಹೋಗಿ ಬಂದವಳನ್ನು ಅಜ್ಜಿಯ ಸೊಸೆ ಬಾಗಿಲಲ್ಲೇ ನಿಲ್ಲಿಸಿ, ಇನ್ನು ಬರುವುದು ಬೇಡ, ಬೇರೆಯವರನ್ನು ಗೊತ್ತುಮಾಡಿದ್ದೇವೆ ಎಂದಳಂತೆ. ಅಜ್ಜಿಯನ್ನು ನೋಡಿ ಹೋಗುತ್ತೇನೆ ಎಂದರೆ ಮಲಗಿದ್ದಾರೆ ಎಂದಳಂತೆ. ಒಳಗಿನಿಂದ ಅಜ್ಜಿ ಇವಳನ್ನು ಕರೆಯುತ್ತಿದ್ದುದು ಕೇಳಿಸುತ್ತಿತ್ತಂತೆ.

ಅಕ್ಕ ತಪ್ಪು ಎಲ್ಲಾಯಿತೆಂದು ಹುಡುಕುತ್ತಿದ್ದಳು. ಮಾತ್ರೆ ಕೊಡುವುದು ಕಾಲು ಗಂಟೆ ತಡವಾಗಿತ್ತೇ? ಸ್ನಾನದ ನೀರು ಬಿಸಿಯಾಗಿತ್ತೇ? ಅಜ್ಜಿಯ ತಮಾಷೆಗೆ ತಾನು ಜೋರಾಗಿ ನಕ್ಕಿದ್ದು ಸೊಸೆಗೆ ಸರಿಬರಲಿಲ್ಲವೇ? ಒಂದೊಂದನ್ನೂ ಎತ್ತಿ ನೋಡಿ ಕೆಳಗಿಡುತ್ತಿದ್ದಳು, ಸೊಪ್ಪು ಆರಿಸುವಂತೆ.

"ಹೋಗೋ ಮುಂಚೆ ಒಂದು ಮಾತು ಕೇಳಿದಳು ಕಣೇ," ಎಂದಳು ಕೊನೆಗೆ. "ನಿನಗೆ ಮನೆ-ಮಠ ಏನಾದ್ರೂ ಇದೆಯಾ ಅಂತ. ಆರು ತಿಂಗಳು ಹೋಗಿ ಬಂದಿದೀನಿ, ಈಗ ಕೇಳ್ತಾಳೆ. ಇದೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ."

ಗಂಡ, ಅಂಥವರ ಮನೆ ಸಹವಾಸ ಬಿಟ್ಟಿದ್ದೇ ಒಳ್ಳೆಯದಾಯಿತು ಅತ್ತಿಗೆ, ಎಂದ. ಚಿಕ್ಕ ಮಗಳು, ನಾನು ಹೋಗಿ ಕೇಳಿ ಬರುತ್ತೇನೆ ಎಂದು ಎದ್ದೇಬಿಟ್ಟಳು. ಅಕ್ಕ ಅವಳನ್ನು ಕೂರಿಸಿದಳು. ಸಣ್ಣಿ ಎಲ್ಲರಿಗೂ ಬಡಿಸಿದಳು. ಅಕ್ಕನ ತಟ್ಟೆಗೆ ಎರಡು ಸಲ ಹಾಕಿದಳು. ಅಕ್ಕ, "ಇವಳೊಬ್ಬಳು, ಕೆಲಸ ಹೋಯ್ತು ಅಂದ್ರೆ ಊಟ ಹೋಯ್ತು ಅಂದ್ಕೊಂಡಿದಾಳೆ," ಎಂದಳು. ಎಲ್ಲರೂ ನಕ್ಕರು. ಸಣ್ಣಿಯೂ ನಕ್ಕಳು.

ಅದಾಗಿ ನಾಲ್ಕು ದಿನ. ಅಕ್ಕ ಬೇರೆ ಎರಡು ಕಡೆ ಕೇಳಿ ಬಂದಿದ್ದಳು. ಒಂದು ಮನೆಯವರು ನೋಡೋಣ ಎಂದಿದ್ದರು. ಇನ್ನೊಂದು ಮನೆಯವರು ಮುಖ ನೋಡಿ, ಎಲ್ಲೋ ನೋಡಿದ ಹಾಗಿದೆಯಲ್ಲ ಎಂದಿದ್ದರು. ಎಲ್ಲಿ ಎಂದು ಅವರಿಗೆ ನೆನಪಾಗಲಿಲ್ಲವಂತೆ.

ಈ ಬೆಳಿಗ್ಗೆ ಅಚ್ಚು ಹಾಕಿದ ಚಿತ್ರಗಳ ಸುರುಳಿ ಬಂದು, ಹತ್ತನೆಯದರ ಜೊತೆ ಅದರ ಚೀಟಿಯನ್ನೂ ನೋಡಿದ ಮೇಲೆ, ಸಣ್ಣಿ ಅಂಗಡಿಯ ಹೊರಗೆ ಹೋಗಿ ಮೇಷ್ಟ್ರಿಗೆ ಫೋನು ಮಾಡಿದ್ದಳು. ಇದೊಂದು ಬೇಡ, ಒಂಬತ್ತೇ ಸಾಕು ಎಂದಳು. ಕಾರಣ ಕೇಳಿದರು. ಎಲ್ಲವನ್ನೂ ಹೇಳಲು ಆಗಲಿಲ್ಲ. ಮನೆಯವರ ಚಿತ್ರವನ್ನು ಬೀದಿಯವರದೆಂದು ತೋರಿಸಿದ್ದು ಸರಿಯಲ್ಲ ಅನ್ನಿಸುತ್ತಿದೆ ಎಂದಷ್ಟೇ ಹೇಳಿದಳು.

"ನೋಡಮ್ಮ," ಎಂದರು ಮೇಷ್ಟ್ರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಲವತ್ತು ವರ್ಷ ಪಾಠ ಮಾಡಿದೀನಿ. ಹೇಗೆ ನೋಡಬೇಕು ಅಂತ ಹೇಳದೆ ಇದ್ರೆ ಯಾರೂ ಏನನ್ನೂ ನೋಡಲ್ಲ. ಮನೆ-ಮಂದಿ ಅಂದ ತಕ್ಷಣ ಜನ ತಲೆ ಬಾಚಿದೆಯಾ, ಬಟ್ಟೆ ಹೇಗಿದೆ ಅಂತ ನೋಡ್ತಾರೆ. ಬೀದಿ ಬದುಕು ಅಂದ್ರೆ ಮುಖ ನೋಡ್ತಾರೆ. ನಾನು ಮುಖ ನೋಡೋ ಹಾಗೆ ಮಾಡಿದೆ. ಅದು ತಪ್ಪಾ?"

"ಮುಖ ನೋಡಲಿಲ್ಲ ಮೇಷ್ಟ್ರೇ. ಹೆಸರು ನೋಡಿದ್ರು."

"ಎರಡು ಸಾವಿರ ಜನಕ್ಕೆ ಒಬ್ಬ ಬಡ ಹೆಂಗಸಿನ ಮೇಲೆ ಕನಿಕರ ಬಂತು. ಅದೇನು ಕಡಿಮೆಯಾ?"

ಅವಳು ಬಡ ಹೆಂಗಸಲ್ಲ ಎನ್ನಲು ಹೊರಟ ಸಣ್ಣಿ ತಡೆದುಕೊಂಡಳು. ಆ ಕನಿಕರ ಬಾಗಿಲಿಗೆ ಬಂದು, ನಿನಗೆ ಮನೆ-ಮಠ ಇದೆಯಾ ಎಂದು ಕೇಳಿತ್ತು. ಅದನ್ನು ಹೇಳಬೇಕಾದರೆ ಅಳಿಸಿದ ಆ ಸಾಲಿನ ಬಗ್ಗೆಯೂ ಹೇಳಬೇಕು. ಸಂಜೆ ತಿಳಿಸುತ್ತೇನೆ ಎಂದು ಫೋನು ಇಟ್ಟಳು. ಅವರೂ ಕೆಟ್ಟವರಲ್ಲ. ಬೀದಿ ಬದುಕು ಎಂದು ಹಾಕಲು ಹೇಳಿದವರು ಅವರು. ಹಾಕಿದ ಬೆರಳು ತನ್ನದು.

ಆ ಬೆರಳೇ ಈಗ ಗಾಜಿನ ಮೂಲೆಯನ್ನು ಉಜ್ಜುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಕೈಚೀಲದಲ್ಲಿ ಊಟದ ಡಬ್ಬಿ ಹಿಡಿದು ಅಕ್ಕ ನಿಂತಿದ್ದಳು. ಕೆಲಸ ಇಲ್ಲದ ದಿನ ಮಧ್ಯಾಹ್ನ ಬೆಳೆಯುತ್ತಾ ಹೋಗುತ್ತದೆ, ನಡೆದುಕೊಂಡು ಬಂದೆ ಎಂದಳು. ಸ್ಟೂಲು ಎಳೆದು ಕೂತಳು. ಒಂಬತ್ತು ಫ್ರೇಮುಗಳನ್ನೂ ಒಂದೊಂದಾಗಿ ನೋಡಿದಳು. ಹಕ್ಕಿ, ಸೇತುವೆ, ಕಮ್ಮಾರನ ಬೆಂಕಿ. ಎಲ್ಲದಕ್ಕೂ ಚಂದ ಇದೆ ಎಂದಳು.

"ಅದ್ಯಾಕೆ ಬೋರಲು ಹಾಕಿದೀಯ?" ಎಂದು, ಸಣ್ಣಿ ಮೇಜಿನ ಆ ಬದಿಗೆ ಹೋಗುವ ಮೊದಲೇ, ಹತ್ತನೆಯದನ್ನು ಎರಡೂ ಅಂಚು ಹಿಡಿದು ತಿರುಗಿಸಿದಳು. ರೋಗಿಯ ಮಗ್ಗುಲು ಬದಲಿಸುವ ಕೈ. ಕಾಗದ ಎಲ್ಲೂ ಮಡಿಚಿಕೊಳ್ಳಲಿಲ್ಲ.

ಹಿಂಬದಿಯ ಗರಗಸ ನಿಂತಿತ್ತು. ಗಂಡ ಪಟ್ಟಿ ಅಳೆಯುತ್ತಿದ್ದಿರಬೇಕು.

"ಇದು ನಾನಲ್ವೇನೇ?" ಎಂದಳು ಅಕ್ಕ. ಮುಖ ಹತ್ತಿರ ತಂದಳು, ದೂರ ಮಾಡಿದಳು. ಆಮೇಲೆ ಅವಳ ಹೆಗಲು ಅಲುಗಿತು. ಅಳುತ್ತಿದ್ದಾಳೆಂದುಕೊಂಡಳು ಸಣ್ಣಿ. ನೋಡಿದರೆ ಅಕ್ಕ ನಗುತ್ತಿದ್ದಳು. "ಅಜ್ಜಿ ಎದ್ದು ನಿಂತ ದಿನ. ಬಾಯಿ ನೋಡು ನನ್ನದು, ಒಂದು ಲಾರಿ ಒಳಗೆ ಹೋಗುತ್ತೆ."

ಎರಡು ಸಾವಿರ ಜನ ನೋಡಿದ ಮುಖ. ಅದನ್ನು ನಗುವೆಂದು ಕಂಡವಳು ಇವಳೊಬ್ಬಳೇ. ಅವಳು ತೋರಿಸಿದ ಮೇಲೆ ಸಣ್ಣಿಗೂ ಕಂಡಿತು, ಕಣ್ಣಿನ ಕೊನೆಯ ಸುಕ್ಕುಗಳಲ್ಲಿ, ಮೇಲಕ್ಕೇರಿದ ಕೆನ್ನೆಯಲ್ಲಿ. ಅಷ್ಟು ದಿನ ಅದು ಅಲ್ಲೇ ಇತ್ತು.

"ಕೇಳೋದಲ್ವಾ? ಒಳ್ಳೇ ಬಟ್ಟೆನಾದ್ರೂ ಹಾಕ್ಕೋತಿದ್ದೆ." ಅಕ್ಕನ ಮಾತಿನಲ್ಲಿ ಬೇಸರವಿರಲಿಲ್ಲ. ಬೆರಳು ಚಿತ್ರದ ಕೆಳಗಂಚಿಗೆ ಹೋಯಿತು. ಅಲ್ಲಿ ಕ್ಲಿಪ್ಪು ಹಾಕಿ ಸಿಕ್ಕಿಸಿದ್ದ ಚೀಟಿ ಇತ್ತು. ಫ್ರೇಮಿನ ಕೆಳಗೆ ಅಂಟಿಸಬೇಕಾದದ್ದು. "ಇಲ್ಲೇನೋ ಬರೆದಿದಾರೆ. ಕನ್ನಡಕ ಮನೇಲೇ ಬಿಟ್ಟು ಬಂದೆ. ಓದು."

ಸಣ್ಣಿ ಚೀಟಿಯನ್ನು ನೋಡಿದಳು. ಮೇಲಿನ ಸಾಲು 'ಬೀದಿ ಬದುಕು'. ಕೆಳಗಿನ ಸಾಲು 'ಯಾರೂ ಇಲ್ಲದವಳು'. ಅಚ್ಚುಕಟ್ಟಾದ ಅಕ್ಷರ.

"ಮನೆ-ಮಂದಿ ಅಂತ ಇದೆ," ಎಂದಳು.

"ಎರಡು ಸಾಲು ಇರೋ ಹಾಗಿದೆ."

"ಕೆಳಗೆ..." ಸಣ್ಣಿಗೆ ತನ್ನ ದನಿಯೇ ಬೇರೆಯಾಗಿ ಕೇಳಿಸಿತು. "ಕೆಳಗೆ, ನಮ್ಮಕ್ಕ, ಅಂತ."

ಅಕ್ಕ ಚೀಟಿಯ ಮೇಲಿಟ್ಟ ಬೆರಳನ್ನು ಕೂಡಲೇ ತೆಗೆಯಲಿಲ್ಲ. ಅಕ್ಷರಗಳ ಮೇಲೆ ನಿಧಾನವಾಗಿ ಎಡದಿಂದ ಬಲಕ್ಕೆ ಎಳೆದಳು.

"ನಮ್ಮಕ್ಕ ಅಂತಾನಾ," ಎಂದಳು. "ಹಾಗಾದ್ರೆ ಭಾನುವಾರ ನಾನೂ ಬರ್ತೀನಿ. ಆ ಅಜ್ಜಿ ಸೊಸೆನೂ ಬಂದು ನೋಡಿದ್ರೆ ಚೆನ್ನಾಗಿತ್ತು. ನಾನು ಎಂಥ ಮನೆಯವಳು ಅಂತ ಗೊತ್ತಾಗ್ತಿತ್ತು."

ಸಣ್ಣಿ ಗಾಜನ್ನು ಒರೆಸಿದಳು. ಒರೆಸಲು ಏನೂ ಉಳಿದಿರಲಿಲ್ಲ.

ಅಕ್ಕ ಎದ್ದಳು. ಡಬ್ಬಿ ಆರಿಹೋಗುತ್ತದೆ, ಬೇಗ ಉಣ್ಣಿ ಎಂದಳು. ಹಿಂಬದಿಗೆ ಇಣುಕಿ ಮೈದುನನಿಗೂ ಅದನ್ನೇ ಹೇಳಿದಳು. ಹೋಗುವಾಗ ಚಿತ್ರವನ್ನು ಮತ್ತೆ ಮೊದಲಿನಂತೆಯೇ ಬೋರಲು ಹಾಕಿದಳು. ಅದೇಕೆ ಹಾಗೆ ಮಾಡಿದಳೆಂದು ಸಣ್ಣಿಗೆ ಅರ್ಥವಾಗಲಿಲ್ಲ. ಬೀದಿ ದಾಟುವಾಗ ಎಡಗಾಲನ್ನು ಸ್ವಲ್ಪ ಎಳೆದು ನಡೆಯುವ ಆ ಬೆನ್ನನ್ನು ಅವಳು ಮೂಲೆ ತಿರುಗುವವರೆಗೂ ನೋಡಿದಳು.

ಗಂಡ ಉಂಡು ಮತ್ತೆ ಕೆಲಸಕ್ಕೆ ಹೋದ. ಸಣ್ಣಿ ಎರಡು ತುತ್ತು ತಿಂದು ಡಬ್ಬಿ ತೊಳೆದು ತಂದು, ಮತ್ತೆ ಕೈಚೀಲದೊಳಗೆ ಇಳಿಸುವಾಗ ತಳದಲ್ಲಿ ಏನೋ ತಡೆಯಿತು. ಕೈ ಹಾಕಿ ತೆಗೆದಳು. ಕನ್ನಡಕದ ಡಬ್ಬಿ. ತೆರೆದರೆ ಒಳಗೆ ಕನ್ನಡಕವಿತ್ತು. ಒಂದು ಕಾಲು ಸಡಿಲವಾಗಿ, ಅಕ್ಕ ತಾನೇ ದಾರ ಸುತ್ತಿ ಬಿಗಿದದ್ದು.

ಮರೆತಿದ್ದಿರಬೇಕು ಎಂದುಕೊಂಡಳು. ಚೀಲದಲ್ಲಿಟ್ಟು ಮನೆಯಲ್ಲಿದೆ ಎಂದುಕೊಂಡಿದ್ದಿರಬೇಕು. ಅಕ್ಕನಿಗೆ ಈಚೆಗೆ ಮರೆವು ಇದೆ. ಆದರೆ ಅದೇ ಅಕ್ಕ ಅಜ್ಜಿಯ ಏಳು ಬಗೆಯ ಮಾತ್ರೆಗಳ ಹೊತ್ತನ್ನು ಬಾಯಲ್ಲೇ ಹೇಳುತ್ತಿದ್ದಳು. ಬೇರೆ ಮನೆಯವರು 'ಎಲ್ಲೋ ನೋಡಿದ ಹಾಗಿದೆ' ಎಂದಿದ್ದನ್ನು ಹೇಳುವಾಗ ಸಣ್ಣಿಯ ಮುಖವನ್ನೇ ನೋಡುತ್ತಿದ್ದಳು. ಮಕ್ಕಳ ಫೋನಿನಲ್ಲಿ ಏನೇನೋ ಬರುತ್ತಿರುತ್ತದೆ. ಓದಿದ್ದಳೇ? ಓದಿಯೂ, ಓದು ಎಂದಳೇ? ಎರಡನೆಯ ಸಾಲಿನ ಮೇಲೆ ಬೆರಳಿಟ್ಟು, ಸಣ್ಣಿ ಏನು ಹೇಳುತ್ತಾಳೆಂದು ಕಾದು ಕೂತಿದ್ದಳೇ?

ಕೇಳುವ ಹಾಗಿರಲಿಲ್ಲ. ಕೇಳಿದರೆ ಅಕ್ಕ ನಕ್ಕುಬಿಡುತ್ತಾಳೆ. ಆ ನಗುವನ್ನು ಎದುರಿಸುವ ಮುಖ ತನಗಿಲ್ಲ. ಸಣ್ಣಿ ಸ್ಟೂಲಿನ ಮೇಲೆ ಕೂತಳು. ತಾನು ಇಷ್ಟು ವರ್ಷ ಗಿರಾಕಿಗಳ ಮುಂದೆ ತುಂಡು ಬದಲಿಸಿ ಬದಲಿಸಿ ನಗುತ್ತಿದ್ದುದು ನೆನಪಾಯಿತು. ಅಪ್ಪ ಅದೇ ಅಪ್ಪ ಎಂದು ಗೊತ್ತಿದ್ದವಳು ತಾನು. ಬೇರೆಯವರಿಗೆ ಗೊತ್ತಿರಲಿಲ್ಲ ಎನ್ನಬಹುದು. ತನಗೆ ಗೊತ್ತಿತ್ತು.

ಕನ್ನಡಕದ ಸಡಿಲವಾದ ಕಾಲಿಗೆ ಸಣ್ಣ ತಿರುಪೊಂದನ್ನು ಹುಡುಕಿ ಹಾಕಿದಳು. ಗಾಜು ಒರೆಸುವ ಅದೇ ಬಟ್ಟೆಯಿಂದ ಎರಡೂ ಮಸೂರ ಒರೆಸಿದಳು. ದಾರವನ್ನು ಬಿಚ್ಚಲಿಲ್ಲ. ಡಬ್ಬಿಯಲ್ಲಿಟ್ಟು ಚೀಲದ ತಳಕ್ಕೇ, ಇದ್ದಲ್ಲಿಗೇ ಸೇರಿಸಿದಳು.

ಆಮೇಲೆ ಫೋನು ತೆಗೆದು, ಕತ್ತರಿಸದ ಮೊದಲಿನ ಚಿತ್ರವನ್ನು ಹುಡುಕಿದಳು. ಅದು ಅಳಿಸಿಹೋಗಿರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಪರದೆ ಗಾಳಿಗೆ ಒಳಕ್ಕೆ ಉಬ್ಬಿತ್ತು. ಐದು ಜೊತೆ ಚಪ್ಪಲಿಗಳಲ್ಲಿ ಚಿಕ್ಕ ಮಗಳದು ಒಂದು ಮಗುಚಿ ಬಿದ್ದಿತ್ತು. ಅಕ್ಕನದು ತುದಿಯಲ್ಲಿ, ಹಿಮ್ಮಡಿ ಸವೆದದ್ದು, ಜೋಡಿಸಿಟ್ಟದ್ದು ಅದೊಂದೇ. ಆ ಚಿತ್ರವನ್ನು ಅಚ್ಚು ಹಾಕುವ ಅಂಗಡಿಗೆ ಕಳಿಸಿ, ನಾಳೆ ಸಂಜೆಯೊಳಗೆ ಬೇಕು ಎಂದು ಬರೆದಳು. ಅಳತೆ ಬರೆಯುವ ಮುನ್ನ ಹಳೆಯ ಅಚ್ಚಿನ ಪಕ್ಕ ಟೇಪು ಹಿಡಿದು ಲೆಕ್ಕ ಹಾಕಿದಳು.

ಗುಂಪು ತೆರೆದು, ಐದು ದಿನದ ಹಿಂದೆ ಅಳಿಸಿದ ಸಾಲನ್ನು ಆ ಎದುರುಮನೆಯವರ ಮಾತಿನ ಕೆಳಗೇ ಬರೆದಳು. ಇವರು ನನ್ನ ಓರಗಿತ್ತಿ. ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಇದು ನಗು. ಕತ್ತರಿಸಿದವಳು ನಾನು. ಈ ಸಲ ಬೆರಳು ನಿಲ್ಲಲಿಲ್ಲ. ಕಳಿಸಿ, ಯಾರು ಏನೆಂದರೆಂದು ನೋಡದೆ ಫೋನನ್ನು ಮೇಜಿನ ಖಾನೆಯಲ್ಲಿಟ್ಟು ಮುಚ್ಚಿದಳು. ಮೇಷ್ಟ್ರು ಒಪ್ಪಿದರೆ ಹತ್ತು ಹೋಗುತ್ತವೆ, ಇಲ್ಲದಿದ್ದರೆ ಒಂಬತ್ತು. ಹತ್ತನೆಯದು ಮನೆಯ ಹಜಾರದಲ್ಲಿ ಇರುತ್ತದೆ.

ಚೀಟಿಯನ್ನು ಕ್ಲಿಪ್ಪಿನಿಂದ ಬಿಡಿಸಿ ನಾಲ್ಕಾಗಿ ಹರಿದಳು. ರಟ್ಟಿನ ತುಂಡಿನ ಮೇಲೆ ತನ್ನ ಕೈಯಿಂದಲೇ ಎರಡು ಸಾಲು ಬರೆದಳು, ತಾನು ಓದಿ ಹೇಳಿದ್ದ ಆ ಎರಡನ್ನೇ. ಅಕ್ಷರ ಅಷ್ಟೇನೂ ಅಚ್ಚುಕಟ್ಟಾಗಿ ಬರಲಿಲ್ಲ.

ಗಂಡ ಮರದ ಪುಡಿ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಹತ್ತನೆಯದಕ್ಕೆ ಪಟ್ಟಿ ಕೊಯ್ಯಲೇ ಎಂದು ಕೇಳಿದ.

"ಎಡಕ್ಕೆ ಐದು ಇಂಚು ಹೆಚ್ಚಿಗೆ ಬೇಕು," ಎಂದಳು.

"ಹತ್ತೂ ಒಂದೇ ಅಳತೆ ಅಂದಿದ್ದೆಯಲ್ಲ."

"ನಾನು ತಪ್ಪು ಅಳೆದಿದ್ದೆ."

ಅವನು ತಲೆ ಕೆರೆದುಕೊಂಡು, ಯಾವ ಪಟ್ಟಿ, ಕಪ್ಪೋ ಚಿನ್ನವೋ ಎಂದ. ಸಣ್ಣಿ ತುಂಡುಗಳ ಬುಟ್ಟಿಯ ಕಡೆ ನೋಡಿದಳು. ಬಣ್ಣ ಹಚ್ಚದ ಬರಿಯ ಮರದ್ದು ಇರಲಿ ಎಂದಳು. ಅವನು ಒಳಗೆ ಹೋದ. ಗರಗಸ ಮತ್ತೆ ಶುರುವಾಯಿತು.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಗೆ ಬರುವ ಬದಲು ಎರಡು ಬೀದಿ ಆಚೆಯ ಆ ಮನೆಗೆ ಹೋಗಬೇಕು. ಸೊಸೆ ಬಾಗಿಲು ತೆರೆದಾಗ, ನಾನು ಅವರ ಓರಗಿತ್ತಿ, ಆ ಫೋಟೊ ಹಾಕಿದವಳು ನಾನೇ, ಎಂದು ಶುರುಮಾಡಬೇಕು. ಅವಳು ಕೆಲಸ ಮತ್ತೆ ಕೊಡುತ್ತಾಳೋ ಇಲ್ಲವೋ, ಬಾಗಿಲು ಹಾಕಿಕೊಳ್ಳುತ್ತಾಳೋ, ಅದು ಆಮೇಲಿನದು. ಅಜ್ಜಿಗೆ ಕೇಳಿಸುವಷ್ಟು ಜೋರಾಗಿ ಹೇಳಬೇಕು. ಇದನ್ನು ಗಂಡನಿಗೆ ಹೇಳುವುದು ಬೇಡ, ಮಕ್ಕಳಿಗೂ ಬೇಡ. ಅಕ್ಕನಿಗಂತೂ ಬೇಡವೇ ಬೇಡ.

ಹಳೆಯ ಗಾಜು ಈಗ ಅಳತೆಗೆ ಸಾಲುವುದಿಲ್ಲ. ಅದನ್ನು ಗೋಡೆಗೆ ಒರಗಿಸಿಟ್ಟು, ಸಣ್ಣಿ ಹೊಸ ಗಾಜಿನ ಹಾಳೆಯನ್ನು ಮೇಜಿನ ಮೇಲೆ ಮಲಗಿಸಿದಳು. ಬಟ್ಟೆ ಕೈಗೆತ್ತಿಕೊಂಡು ಮೊದಲ ಮಗ್ಗುಲಿನಿಂದ ಒರೆಸತೊಡಗಿದಳು.